ಏಕಾಂಶ ಗಣ

ಹೊಸೂರಿನ ನಕ್ಷೆಯನ್ನು ಹದಿನಾಲ್ಕು ತುಂಡು ಮಾಡಿದ್ದೆ.
ಜೂಜುವಾಡಿ ಒಂದು, ಮೂಕಂಡಪಲ್ಲಿ ಎರಡು,
ಕೆರೆಯ ಹಿಂಬದಿ ಏಳು, ಮತ್ತಿಗಿರಿ ಹನ್ನೊಂದು.
ಅತ್ತಿಬೆಲೆಯ ಗಡಿ ನನ್ನ ಲೆಕ್ಕದಲ್ಲಿ
ಬರೀ ಹನ್ನೆರಡು ನಿಮಿಷದ ತಡ.

ಸೂತ್ರ ಸರಳ:
ಬಾಡಿಗೆ ಏರಿದರೆ ಮನೆಯ ಮೇಲಿನ ಆಸೆ ಇಳಿಯಬೇಕು,
ದೂರ ಹೆಚ್ಚಿದರೂ ಇಳಿಯಬೇಕು,
ನಲ್ಲಿಯಲ್ಲಿ ನೀರು ಬಂದರೆ ಚೂರು ಏರಬೇಕು.
ಕೊನೆಗೊಂದು ಎಪ್ಸಿಲಾನ್,
ಕಾಣದ್ದನ್ನೆಲ್ಲ ತುರುಕಿಡುವ ಅಟ್ಟ.

ನಾನೂರ ಹನ್ನೆರಡು ಮನೆ ಸುತ್ತಿದೆವು, ನಾನೂ ಸಂಪಂಗಿಯೂ.
ಅವನಿಗೆ ಮೂರು ಭಾಷೆ; ಕದ ತೆರೆಯುವ ಮೊದಲೇ
ಹೊಸಿಲ ರಂಗೋಲಿ ನೋಡಿ ಯಾವುದೆಂದು ಹೇಳುತ್ತಿದ್ದ,
ಮೂರಕ್ಕೊಂದು ತಪ್ಪುತ್ತಿತ್ತು.

ಫಲಿತಾಂಶ ಬಂದ ರಾತ್ರಿ
ಏಳನೇ ತುಂಡಿನಲ್ಲಿ ಚಿಹ್ನೆ ತಲೆಕೆಳಗು:
ಬಾಡಿಗೆ ಹೆಚ್ಚಾದಷ್ಟೂ ಜನಕ್ಕೆ ಇಷ್ಟ ಹೆಚ್ಚು!
ಸೊನ್ನೆ ಜಾಸ್ತಿ ಬಿತ್ತೇ, ದಶಾಂಶ ಜಾರಿತೇ,
ಹುಡುಕಿದೆ. ಇಲ್ಲ.
ಬೆಳಿಗ್ಗೆ ಬಸ್ಸು ಹತ್ತಿದೆ.

ಪಿಳ್ಳಮ್ಮ ಗುಲಾಬಿ ವಿಂಗಡಿಸುವ ಶೆಡ್ಡಿನಿಂದ ಆಗಷ್ಟೇ ಬಂದಿದ್ದಳು,
ಬೆರಳ ತುಂಬ ಬ್ಯಾಂಡೇಜಿನ ಪಟ್ಟಿ.
ಒಂದೂವರೆ ಕೋಣೆಗೆ ಆರೂವರೆ ಸಾವಿರ.
"ಶೆಡ್ಡಿನ ಪಕ್ಕದಲ್ಲೇ ನಾಲ್ಕಕ್ಕೆ ಸಿಗುತ್ತದಲ್ಲ, ಅಕ್ಕಾ?"
"ಸಿಕ್ತದೆ. ನಿಮಗೆ."

ಆಮೇಲೆ ಎಣಿಸಿದಳು, ಎಡಗೈ ಬೆರಳಲ್ಲಿ:
"ಒಂದ್ ಕಡೆ ಈಗಷ್ಟೇ ಕೊಟ್ಬುಟ್ವಿ ಅಂದ್ರು, ಬೋರ್ಡು ಇನ್ನೂ ನೇತಾಡ್ತಿತ್ತು.
ಒಂದ್ ಕಡೆ ಯಾವ ಊರು, ಊರಲ್ಲಿ ಯಾವ ಬೀದಿ ಅಂದ್ರು.
ಒಂದ್ ಕಡೆ ಕುಡಿಯಕ್ಕೆ ನೀರು ಕೊಟ್ರು. ಪ್ಲಾಸ್ಟಿಕ್ ಲೋಟದಲ್ಲಿ.
ಈ ವಠಾರದೋನು ಎರಡು ಸಾವ್ರ ಜಾಸ್ತಿ ಕೇಳ್ತಾನೆ,
ಇನ್ನೇನೂ ಕೇಳಲ್ಲ."

ಸಂಪಂಗಿ ಪೆನ್ನಿಗೆ ಮುಚ್ಚಳ ಹಾಕಿದ.
"ಗೊತ್ತಿತ್ತು ಮೇಡಂ. ಕಾಲಂ ಇರಲಿಲ್ಲ."

ನನ್ನ ಮಾದರಿ ಎಲ್ಲರ ಮುಂದೂ ಹದಿನಾಲ್ಕು ಬಾಗಿಲು ಇಟ್ಟಿತ್ತು,
ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟ ಹಾಗೆ.
ಮುಚ್ಚಿದ್ದನ್ನು ಒಂದೊಂದಾಗಿ ಅಳಿಸಿದೆ.
ಅವಳ ಗಣದಲ್ಲಿ ಉಳಿದದ್ದು ಒಂದು.
ಇರುವುದೊಂದನ್ನೇ ಆರಿಸುವ ಸಂಭವನೀಯತೆ ಒಂದು.
ಒಂದರ ಲಘುಗಣಕ ಸೊನ್ನೆ.
ಲಕ್ಷ ಸಲ ಓಡಿಸಿದರೂ ಒಟ್ಟು ಮೊತ್ತಕ್ಕೆ
ಪಿಳ್ಳಮ್ಮನಿಂದ ಏನೂ ಸೇರುವುದಿಲ್ಲ.
ಅವಳಂಥವರೆಲ್ಲ ಸೊನ್ನೆಯಾದ ಮೇಲೆ
ಏಳನೇ ತುಂಡಿನ ಚಿಹ್ನೆ ತಾನೇ ಸರಿಹೋಯಿತು.
ವರದಿ ಈಗ ಅಚ್ಚುಕಟ್ಟು.

ಹೊರಡುವಾಗ ಕೇಳಿದ್ದಳು: "ನಿಮ್ಮನೆ ಎಲ್ಲಿ?"
"ಚಂದಾಪುರ. ಎಂಟನೇ ಮಹಡಿ."
"ಏನಾದ್ರೂ ಕೇಳಿದ್ರಾ, ಕೊಡೋವಾಗ?"
ಏನೂ ಇಲ್ಲ ಅಂದಿದ್ದೆ, ನಿಜಕ್ಕೂ ಹಾಗೇ ಅಂದುಕೊಂಡು.

ಅತ್ತಿಬೆಲೆಯಲ್ಲಿ ಬಸ್ಸು ನಿಂತಿತು, ಹನ್ನೆರಡಲ್ಲ, ನಲವತ್ತು ನಿಮಿಷ.
ಆಗ ನೆನಪಾಯಿತು:
ಫೋನಿನಲ್ಲಿ ಹೆಸರು ಹೇಳಿದ್ದೆ, ಪೂರ್ತಿ, ಮನೆತನದ ಹೆಸರಿನ ಸಮೇತ.
ಆ ಕಡೆಯಿಂದ "ಓ" ಅಂದರು,
"ಬನ್ನಿ ಬನ್ನಿ, ಕೀ ಇಲ್ಲೇ ಇದೆ."