ಗೊಬ್ಬರದ ಚೀಲದ ಮೇಲೆ ವರ್ಷಗಳು

ತಿತಿಮತಿಯ ಆಶ್ರಮ ಶಾಲೆಯಲ್ಲಿ ಆ ದಿನ
ಕರೆಂಟು ಇರಲಿಲ್ಲ, ವಿಜ್ಞಾನದ ಮೇಷ್ಟ್ರೂ ಇರಲಿಲ್ಲ.
ಐದನೆಯ ಪಿರಿಯಡ್ಡಿಗೆ ನಾನೇ ಹೋದೆ
ಬೆನ್ನು ಹರಿದ ಅಟ್ಲಾಸು ಹಿಡಿದು.

ಇಲ್ಲಿ, ಅಂದೆ, ಈ ಹಳದಿ ಬಯಲಿನಲ್ಲಿ
ಸೂ ಅನ್ನುವ ಜನ.
ಸೂ! ಹಿಂದಿನ ಬೆಂಚು ರಾಕೆಟ್ ಹಾರಿಸಿತು.
ಅದು ಬೇರೆಯವರು ಇಟ್ಟ ಹೆಸರು ಕಣ್ರೋ,
ಹಾವು ಎಂಬ ಅರ್ಥವಿತ್ತಂತೆ.
ತಮ್ಮನ್ನು ತಾವು ಕರೆದುಕೊಂಡದ್ದು ಲಕೋಟ,
ಅಂದರೆ ಗೆಳೆಯರು.
ಲಕೋಟೆನಾ ಸಾರ್, ಅಂಚೇದಾ?
ಮತ್ತೆ ನಗು.

ಜೆ.ಕೆ. ರೋಜ ನಗಲಿಲ್ಲ.
ಹಾಜರಿ ಪುಸ್ತಕದಲ್ಲಿ ಊರೋ ಅಪ್ಪನೋ ನಿಲ್ಲುವ ಕಡೆ
ಅವಳಿಗೆ ಜಾತಿ ನಿಂತಿದೆ,
ಎರಡು ಅಕ್ಷರ, ಎರಡು ಚುಕ್ಕೆ.

ಅವರಿಗೆ ಇಸವಿ ಇರಲಿಲ್ಲ.
ಮೊದಲ ಹಿಮದಿಂದ ಮೊದಲ ಹಿಮಕ್ಕೆ ಒಂದು ವರ್ಷ,
ವರ್ಷಕ್ಕೆ ಒಂದೇ ಚಿತ್ರ, ಕಾಟಿಯ ಚರ್ಮದ ಮೇಲೆ.
(ನಮ್ಮ ಕಾಟಿಯಲ್ಲ,
ಹೆಗಲಿಗೆ ಕಂಬಳಿ ಹೊದ್ದ ಅದರ ದೂರದ ನೆಂಟ.)
ಮೈತುಂಬ ಕೆಂಪು ಬೊಟ್ಟಿನ ಮನುಷ್ಯ: ಸಿಡುಬಿನ ಚಳಿಗಾಲ.
ಕತ್ತಲಲ್ಲಿ ಬಿಳಿಯ ಹನಿ: ನಕ್ಷತ್ರ ಸುರಿದ ಚಳಿಗಾಲ.
ಆಮೇಲೆ ರೈಲು ಬಂತು. ಕಿಟಕಿಯಿಂದ ಕೋವಿ.
ಬಯಲು ತುಂಬ ಬಿದ್ದ ಎಲುಬನ್ನು
ಆರಿಸಿ, ಅರೆದು, ಗೊಬ್ಬರ ಮಾಡಿ ಮಾರಿದರು.
ಚರ್ಮ ಮುಗಿಯಿತಲ್ಲ,
ಚಿತ್ರ ಬಟ್ಟೆಗೆ ಇಳಿಯಿತು,
ಬಟ್ಟೆಯಿಂದ ಹಳೆಯ ಲೆಕ್ಕದ ಪುಸ್ತಕಕ್ಕೆ;
ಯಾರದೋ ಸಾಲದ ಗೆರೆಗಳ ಮೇಲೆ
ಕುದುರೆಗಳು ಓಡಿದವು.

ಮಕ್ಕಳನ್ನು ದೂರದ ಶಾಲೆಗೆ ಒಯ್ದರು, ಅಂದೆ.
ಮನೆಯಲ್ಲಿ ಸಾವಾದಾಗ ಕೂದಲು ಕತ್ತರಿಸುವ ಜನ ಅವರು.
ಶಾಲೆಯಲ್ಲಿ ಮೊದಲ ದಿನವೇ...

ಅಲ್ಲಿಗೆ ನಿಲ್ಲಿಸಿದೆ.
ಎದುರಿಗೆ ಮೂವತ್ತೊಂದು ತಲೆ, ಒಂದೇ ಅಳತೆ.
ಜೂನಿನಲ್ಲಿ, ಹೇನು ಎಂದು,
ಗೋಣಿಕೊಪ್ಪದಿಂದ ಕ್ಷೌರದವನನ್ನು ಕರೆಸಿದ್ದು ನಾನು.
ಬಿಲ್ಲಿನ ಮೇಲಿನ ಸಹಿಯೂ ನನ್ನದೇ.
ಗಂಟೆ ಹೊಡೆಯಿತು, ಪುಣ್ಯಕ್ಕೆ.

ಮೂರು ಭಾನುವಾರ ಕಳೆದು
ಕಾಲೊನಿಯಿಂದ ಮಾಚಿ ಅಜ್ಜಿ ಬಂದಳು, ಮೊಮ್ಮಗಳ ಹಿಂದೆ.
ಕಂಕುಳಲ್ಲಿ ಪೊಟ್ಯಾಷಿನ ಚೀಲ,
ಹೊಲಿಗೆ ಬಿಚ್ಚಿ, ಒಳಮೈ ಹೊರಗೆ ಮಾಡಿ
ಜಗಲಿಯ ಮೇಲೆ ಹಾಸಿದಳು.
ನಡುವಿನಿಂದ ಸುತ್ತುತ್ತ ಬಂದ ಇದ್ದಿಲ ಗುರುತುಗಳು.
ಬಿದಿರು ಹೂಬಿಟ್ಟು ಸತ್ತ ವರ್ಷ.
ಒಂದೇ ಮರಕ್ಕೆ ಹನ್ನೆರಡು ಹುಟ್ಟು ಇಳಿಬಿದ್ದ ವರ್ಷ.
ಒಂಟಿ ಸಲಗ ಗಂಡನನ್ನು ತುಳಿದದ್ದು
(ಸಲಗ ದೊಡ್ಡದು, ಗಂಡ ಒಂದು ಗೀರು).
ಲಾರಿ.
ಲಾರಿಯ ಪಕ್ಕ ಒಂದು ಬರಿಯ ಜಾಗ.

ಇವಳು ಹೇಳಿದಳು ನಿಮ್ಮ ಆ ಜನರ ಕತೆ,
ಅವರ ಬೆಟ್ಟ ಏನಾಯ್ತು?
ಕರಿಬೆಟ್ಟಗಳಜ್ಜಿ. ನಿಮ್ಮದೇ ಎಂದು ಕಾಗದ ಬರೆದುಕೊಟ್ಟಿದ್ದರು.
ಚಿನ್ನ ಸಿಕ್ಕಿತು, ಕಾಗದ ಸುಳ್ಳಾಯಿತು.
ನೂರು ವರ್ಷ ಕಳೆದ ಮೇಲೆ ಕೋರ್ಟು ಹಣ ಕೊಡಿಸಿತು.
ಅವರು ಮುಟ್ಟಲಿಲ್ಲ.
ಬ್ಯಾಂಕಿನಲ್ಲಿ ಬಡ್ಡಿ ಮರಿ ಹಾಕುತ್ತಿದೆ,
ಬೆಟ್ಟವೇ ಬೇಕು ಅನ್ನುತ್ತಾರೆ.

ಅಜ್ಜಿ ಬಾಯೊಳಗಿನ ಎಲೆಯನ್ನು
ಈ ದವಡೆಯಿಂದ ಆ ದವಡೆಗೆ ಸರಿಸಿದಳು.
ನಾವು ಮುಟ್ಟಿದೆವು, ಅಂದಳು.
ಶೀಟಿನ ಮನೆ, ಒಂದು ಮಿಕ್ಸಿ,
ಮಗನಿಗೆ ಬೈಕು, ಬೈಕಿಗೆ ಒಂದು ತಿರುವು.
ಬೆರಳು ಬರಿಯ ಜಾಗವನ್ನು ಸವರಿತು,
ಬೆಕ್ಕಿನ ಬೆನ್ನು ಸವರುವಂತೆ.

ಈ ವರ್ಷದ್ದು ನಾನು ಬರೆದೆ ಸಾರ್, ಅಂದಳು ರೋಜ.
ಚೀಲದ ಅಂಚಿನಲ್ಲಿ, ನೀಲಿ ಪೆನ್ನಿನಲ್ಲಿ,
ಎರಡು ಉಂಗುರ, ಎರಡು ಉದ್ದನೆಯ ರೆಕ್ಕೆ.
ಹೆಲಿಕಾಪ್ಟರ್ ಚಿಟ್ಟೆಯಾ? ಕೇಳಿದೆ.

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.
ಅಜ್ಜಿ ಚೀಲ ಮಡಚಿ ಎದ್ದಳು,
ಬಸ್ಸಿಗೆ ಹೊತ್ತಾಯಿತು ಅಂತ.