ಇಪ್ಪತ್ಮೂರು ಕಿಲೋ

ತೂಕದ ಯಂತ್ರದ ಮೇಲೆ ಮೊದಲು ನಾನೊಬ್ಬಳೇ ನಿಂತೆ,
ಆಮೇಲೆ ಪೆಟ್ಟಿಗೆಯನ್ನು ಕೂಸಿನ ಹಾಗೆ ಅವಚಿಕೊಂಡು.
ಕಳೆದರೆ ಉಳಿದದ್ದು ಇಪ್ಪತ್ತಾರೂವರೆ.
ವಿಮಾನದವರು ಬಿಡುವುದು ಇಪ್ಪತ್ಮೂರು.
ಮೂರೂವರೆ ಕಿಲೋ ಎಲ್ಲಿಂದ ಕೆತ್ತಲಿ?
ಈ ಊರಲ್ಲಿ ಕೆತ್ತುವುದು ಗೊತ್ತಿದ್ದವರೆಲ್ಲ
ಸ್ಲೇಟುಗಲ್ಲಿನ ಗುಡ್ಡದ ಕೆಳಗೆ ಮಲಗಿದ್ದಾರೆ.

ಅಡುಗೆಮನೆಯ ಮೇಜಿನ ಮೇಲೆ ಹರಡಿದೆ ಸಂಸಾರ:
ಚೆರಿಮರದ ಕ್ಯಾಮೆರಾ, ಮಡಿಸಿದರೆ ದಪ್ಪ ಬೈಬಲ್ಲು,
ಬಿಡಿಸಿದರೆ ಕಮ್ಮಾರನ ತಿದಿ.
ತಿದಿಯೊಳಗೆ ನಿನ್ನೆ ರಾತ್ರಿ ಟಾರ್ಚು ತೂರಿಸಿ
ದೀಪ ಆರಿಸಿ ಕೂತೆ,
ಮೂಲೆಯಲ್ಲೊಂದು ನಕ್ಷತ್ರ ಹುಟ್ಟಿತು.
ಕರಿ ಟೇಪು ಹಚ್ಚಿ ಅದನ್ನು ಕೊಂದೆ.
ಎರಡು ಲೆನ್ಸು. ಒಂದು ಕರಿ ಮುಸುಕು.
ಆರು ಹೋಲ್ಡರು, ಒಂದೊಂದಕ್ಕೆ ಎರಡು ಮಗ್ಗುಲು,
ಅಂದರೆ ಹನ್ನೆರಡು ಹಾಳೆ,
ಆರು ಸಾವಿರ ಮೈಲಿಗೆ ಹನ್ನೆರಡು.

"ಫೋನಲ್ಲೇ ಹೊಡ್ಕೊಂಡ್ರಾಗದಾ ಮೆರೆರಿದ್?" ಅಂತಾಳೆ
ಅಂಚೆಕಚೇರಿಯ ತೆಗ್ವೆನ್,
ನನ್ನ ಕಾಗದಕ್ಕೆ ನಾಲಗೆಯಿಂದ ಚೀಟಿ ಹಚ್ಚುತ್ತ.

ಹಿಂದಿನ ಸಲ, ಐಸ್‌ಲ್ಯಾಂಡಿನಿಂದ ಬರುವಾಗ,
ಮೀಸೆ ಇನ್ನೂ ಬಾರದ ಅಧಿಕಾರಿಯೊಬ್ಬ
ತೆರೀಬೇಡಪ್ಪ ಅನ್ನುವಷ್ಟರಲ್ಲಿ ಡಬ್ಬಿಯ ಮುಚ್ಚಳ ತೆಗೆದು
"ಏನಿಲ್ಲ, ಬರೀ ಖಾಲಿ ಹಾಳೆ" ಅಂದ.
ಅವನು ಹೇಳಿದ್ದು
ಆ ಗಳಿಗೆಯಿಂದ ನಿಜವಾಯಿತು.

ಈ ಸಲ ಹಾಗಲ್ಲ.
ಕೆಟ್ಟ ಹಾಳೆಯೊಂದನ್ನು ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ,
ನೋಡಲಿ, ಮುಟ್ಟಲಿ, ಮೂಸಲಿ, ದೃಷ್ಟಿಬೊಂಬೆಯಂತೆ ಅದು.
ಮೇಲೆ ಸೊಸೆ ಹೆಲೆದ್ ಸ್ಪ್ಯಾನಿಶ್ಶಿನಲ್ಲಿ ಬರೆದುಕೊಟ್ಟ ಚೀಟಿ:
ದಯವಿಟ್ಟು ಯಂತ್ರಕ್ಕೆ ಹಾಕಬೇಡಿ, ತೆರೆಯಬೇಡಿ,
ಇದಕ್ಕೆ ಬೆಳಕು ಆಗಿಬರುವುದಿಲ್ಲ.
ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತೇನೆ;
ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಮುಸುಕಿನೊಳಗೆ ತಲೆ ತೂರಿಸಿ ಒಮ್ಮೆ ನೋಡಿದೆ:
ಗಾಜಿನ ಮೇಲೆ ಕೆಟಲ್ಲು ಬಾವಲಿಯಂತೆ ನೇತಾಡುತ್ತಿತ್ತು.
"ಭೂಮಿಯ ಆ ಬದಿಗೆ ಹೋದರೆ ನೆಟ್ಟಗೆ ಕಾಣುತ್ತಾ ಅತ್ತೆ?"
ಇದೇ ತಮಾಷೆಯನ್ನು ಟಿಕೆಟಿನವನೂ ಮಾಡಿದ್ದ.
ಇಬ್ಬರಿಗೂ ನಕ್ಕೆ.

ಆ ಬದಿಯಲ್ಲಿರುವುದು ನೆಸ್ತಾ.
ನನ್ನ ಅಜ್ಜಿಯ ಅಣ್ಣ ಹಡಗು ಹತ್ತಿ
ಪೆಟಗೋನಿಯಾದ ಮುಳ್ಳುನೆಲಕ್ಕೆ ನೀರು ಹಾಯಿಸಲು ಹೋದನಲ್ಲ,
ಅವನ ಮಗಳು. ತೊಂಬತ್ತನಾಲ್ಕು.
ನಮ್ಮದೇ ವೆಲ್ಷ್ ಆಡುತ್ತಾಳೆ, ಬೇರೆ ಬಿಸಿಲಿನಲ್ಲಿ ಒಣಗಿಸಿದ್ದು.
"ಒಂದು ಸೆಕೆಂಡು ಅಲುಗದೆ ಕೂರಬೇಕು, ಆಗುತ್ತಾ?" ಅಂತ ಫೋನಿನಲ್ಲಿ ಕೇಳಿದೆ.
"ಈಗ ನನಗೆ ಚೆನ್ನಾಗಿ ಬರುವುದು ಅದೊಂದೇ ಕಣೇ.
ಗಾಳಿಯನ್ನು ಕೇಳು, ಅದು ಕೂರುತ್ತದೋ ಅಂತ.
ಹೋದ ವಾರ ಕೋಳಿಗೂಡನ್ನೇ ಹೊತ್ತೊಯ್ದಿದೆ,
ಕೋಳಿ ಸಮೇತ."

ಹಾಗಾಗಿ ಭಾರದ ಟ್ರೈಪಾಡು ಉಳಿಯಿತು.
ಉದ್ದ ಲೆನ್ಸು ಹೊರಗೆ,
ದೂರದ್ದನ್ನು ಹತ್ತಿರ ತರುವ ಕೆಲಸಕ್ಕೆ
ನಾನೇ ಹೋಗುತ್ತಿದ್ದೇನಲ್ಲ.
ಬೂಟು ಹೊರಗೆ. ಎರಡನೆಯ ಸ್ವೆಟರು ಹೊರಗೆ, ಒಳಗೆ, ಮತ್ತೆ ಹೊರಗೆ.
ಇನ್ನೂ ಒಂದೂವರೆ ಕಿಲೋ.

ಆಗ ನೆನಪಾದದ್ದು ಬಾಗಿಲ ಹಿಂದಿನ ಕೋಟು.
ಇಥೆಲ್ ಬದುಕಿದ್ದಾಗ ಸಾಹುಕಾರರ ಹೊಳೆಯಲ್ಲಿ
ರಾತ್ರಿ ಟ್ರೌಟು ಮೀನು ಕದಿಯಲೆಂದೇ
ಅಸ್ತರಿನೊಳಗೆ ಗುಟ್ಟಿನ ಜೇಬು ಹೊಲಿಸಿಕೊಂಡಿದ್ದು.
ಎಡಕ್ಕೆ ಮೂರು ಹೋಲ್ಡರು, ಬಲಕ್ಕೆ ಮೂರು,
ಅಳತೆ ಕೊಟ್ಟು ಹೊಲಿಸಿದಂತೆ ಕೂತವು.
ಹಾಕಿಕೊಂಡ ಬಟ್ಟೆಗೆ ಯಾರೂ ತೂಕ ಕಟ್ಟುವುದಿಲ್ಲ.

ಪೆಟ್ಟಿಗೆ: ಇಪ್ಪತ್ತೆರಡು, ಚಿಲ್ಲರೆ.
ಕೋಟು ತೊಟ್ಟು ಕನ್ನಡಿ ಮುಂದೆ ನಿಂತರೆ
ಕದ್ದವಳಂತೆಯೇ ಕಾಣುತ್ತೇನೆ.
ಹದಿನಾರು ವರ್ಷವಾಯಿತು, ಜೇಬು ಇನ್ನೂ ಮೀನು ನಾರುತ್ತದೆ.
ಅಲ್ಲಿಯ ನಾಯಿಗಳು ಮೂಸಿ ಬೊಗಳಿದರೆ?
ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಬೇಕು,
ಟ್ರೌಟಿಗೆ ಸ್ಪ್ಯಾನಿಶ್ಶಿನಲ್ಲಿ ಏನನ್ನುತ್ತಾರೋ
ಹೆಲೆದ್‌ಳನ್ನು ಕೇಳಬೇಕು.