ಹಾಳೆಯ ದಪ್ಪ

ನಸೀಮಾ ಮೇಡಂ ಬೋರ್ಡಿನ ಮೇಲೆ ಮೂರು ವಿಳಾಸ ಬರೆದರು,
ಒಂದೊಂದೂ ಗೇಣುದ್ದ, ನಡುನಡುವೆ ಓರೆಗೀಟು.
"ಗೈಡು ಬೇಡ. ಹೋದ ವರ್ಷದವರ ನೋಟ್ಸೂ ಬೇಡ.
ಆ ಕಾಲದ ಕಾಗದವನ್ನೇ ನೋಡಿ ಬನ್ನಿ,
ನೋಡಿ ಏನನ್ನಿಸಿತೋ ಎರಡು ಪುಟ ಬರೆಯಿರಿ."
ಪ್ರಥಮ ಪಿಯುಸಿ, ಪ್ರಪಂಚದ ಇತಿಹಾಸ.
ಅಮೆರಿಕ ಅಂದರೆ ನಮಗೆ ಐದು ಅಂಕದ ಒಂದು ಪ್ರಶ್ನೆ.

ಮೊದಲ ವಿಳಾಸ ತೆರೆಯಲೇ ಇಲ್ಲ.
ಎರಡನೆಯದು ಇಮೇಲು, ಪಾಸ್‌ವರ್ಡು, ಶಾಲೆಯ ಕೋಡು ಕೇಳಿತು.
ಮೂರನೆಯದು ಅಗುಳಿ ಹಾಕದ ಮನೆ,
ಯಾರ ಮಗಳೆಂದು ಕೇಳದೆ ಒಳಗೆ ಬಿಟ್ಟಿತು.

ಭದ್ರಾವತಿ, ಪೇಪರ್ ಟೌನಿನ ಕ್ವಾರ್ಟರ್ಸು.
ರಾತ್ರಿ ಹತ್ತರ ಮೇಲೆ ಕಿಟಕಿಯ ಸರಳಿಗೆ ಒರಗಿಸಿದರೆ
ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ಲು.
ಗಾಳಿಗೆ ಈಗ ವಾಸನೆಯಿಲ್ಲ. ಮಿಲ್ಲು ನಡೆಯುತ್ತಿದ್ದಾಗ
ಕೊಳೆತ ಮೊಟ್ಟೆ ನಾರುತ್ತಿತ್ತು, ನೆಂಟರು ಮೂಗು ಮುಚ್ಚುತ್ತಿದ್ದರು,
ಅಮ್ಮ ಅದನ್ನು ಸಂಬಳದ ವಾಸನೆ ಎನ್ನುತ್ತಿದ್ದಳು.

ನಾನು ಹುಡುಕಿದ್ದು ಚಹಾ ಪೆಟ್ಟಿಗೆಗಳನ್ನು ಕಡಲಿಗೆ ಸುರಿದ ಸುದ್ದಿ.
ಬೆರಳು ಜಾರಿ ಸಿಕ್ಕಿದ್ದು ಬೇರೆ:
ಪತ್ರಿಕೆಯ ಒಂದು ಮೂಲೆ, ಬೆಂಕಿಪೊಟ್ಟಣದಷ್ಟು ಜಾಗ.

ಓಡಿಹೋಗಿದ್ದಾಳೆ. ಹೆಸರು ಡಾರ್ಕಸ್. ವಯಸ್ಸು ಹದಿನಾರು.
ಎಡ ಮೊಣಕೈಯ ಮೇಲೆ ಸುಟ್ಟ ಕಲೆ.
ಮಾತಾಡಿಸಿದರೆ ನೆಲ ನೋಡುತ್ತಾಳೆ.
ಹಿಡಿದು ತಂದವರಿಗೆ ಮೂವತ್ತು ಡಾಲರ್.

ನಿಘಂಟು ಹಿಡಿದು ಇಷ್ಟಕ್ಕೇ ಅರ್ಧ ಗಂಟೆ.
ಪಕ್ಕದ ಅಂಕಣದಲ್ಲಿ ಒಂದು ಕುದುರೆ ಮಾರಾಟಕ್ಕಿತ್ತು,
ಕೆಳಗೆ ಹಲ್ಲುನೋವಿನ ಔಷಧಿ.
ಇಸವಿ ಸಾವಿರದ ಎಂಟುನೂರ ಐವತ್ತೊಂದು.
ಮನುಷ್ಯರೆಲ್ಲ ಸಮಾನರೆಂದು ಅವರು ಬರೆದಿಟ್ಟು
ಆಗಲೇ ಎಪ್ಪತ್ತೈದು ವರ್ಷ. ಎರಡು ಸಲ ಕಳೆದು ನೋಡಿದೆ.

"ಏನೇ ಅದು, ಇಷ್ಟೊತ್ತಲ್ಲಿ?"
ಅಪ್ಪ. ಇಪ್ಪತ್ತಾರು ವರ್ಷ ಮೆಷಿನ್ನಿನ ಮುಂದೆ ನಿಂತವನು,
ಈಗ ಕಲ್ಯಾಣಮಂಟಪದ ಗೇಟಿನಲ್ಲಿ ಕೂರುತ್ತಾನೆ.
ಇಂಗ್ಲಿಷು ಬಾರದು. ಓದಿ ಹೇಳಲಾ ಎಂದೆ. ತಡಿ ಎಂದ.
ಹೆಬ್ಬೆರಳು ತೋರುಬೆರಳು ಸೇರಿಸಿ
ಹಾಳೆಯ ದಪ್ಪ ನೋಡುವಂತೆ ಗಾಜನ್ನು ಚಿವುಟಿದ.
ಪುಟ ಕುಗ್ಗಿತು. ಬೆಚ್ಚಿ ಕೈ ತೆಗೆದ.
"ಬೆರಳು ಅಗಲಿಸು" ಎಂದೆ. ಅಗಲಿಸಿದ,
ಅಕ್ಷರ ದಾಟಿ, ಮಸಿ ದಾಟಿ,
ಮಡಿಕೆಯ ಗೆರೆ, ನಾರಿನ ಎಳೆ, ನೊಣದ ಹಿಕ್ಕೆ ಕಾಣುವ ತನಕ.

"ಬಿದಿರಲ್ಲ. ಮರದ್ದೂ ಅಲ್ಲ.
ನಮ್ಮ ಮಾಲಾಗಿದ್ರೆ ಮಡಿಸಿದಲ್ಲೆಲ್ಲ ಇಷ್ಟೊತ್ತಿಗೆ ಹಪ್ಪಳ.
ಇದು ಚಿಂದಿ. ಹಳೇ ಬಟ್ಟೆ ಕೊಳೆಸಿ, ಕುಟ್ಟಿ, ಎತ್ತಿದ ಹಾಳೆ.
ಅರಳೆ ಕಣೇ. ಅದಕ್ಕೇ ಬಾಳಿದೆ."
ಆಮೇಲೆ, ತನಗೆ ತಾನೇ:
"ಆ ಕಡೆ ಅರಳೆ ಬಿಡಿಸ್ತಿದ್ದೋರು ಯಾರೋ."

ಯಾರು ಅಂತ ನಮ್ಮ ಪಾಠದಲ್ಲೇ ಇತ್ತು, ಅರ್ಧ ಸಾಲು.
ಡಾರ್ಕಸ್, ನೀನು ಬಿಡಿಸಿದ್ದನ್ನು ಯಾರೋ ನೂತು, ನೇಯ್ದು,
ಯಾರೋ ಉಟ್ಟು, ಹರಿದು, ತಿಪ್ಪೆಗೆ ಎಸೆದು,
ಅದೇ ಎದ್ದು ನಿನ್ನ ಹಿಂದೆ ಓಡಿತೇ?

ಓದಿ ಹೇಳಿದೆ. ಅಪ್ಪ ಕೇಳಿದ್ದು ಒಂದೇ: "ಸಿಕ್ಕಿದ್ಲಾ?"
ಮುಂದಿನ ವಾರದ ಸಂಚಿಕೆ: ಅದೇ ಹೆಸರು, ಐವತ್ತು ಡಾಲರ್.
ಅದರ ಮುಂದಿನದು: ಎಂಬತ್ತು.
ಆಮೇಲಿನದು ಸುತ್ತಿತು, ಸುತ್ತಿತು,
ಈ ಪುಟ ಲಭ್ಯವಿಲ್ಲ.
"ಬಿಡು" ಎಂದ ಅಪ್ಪ. "ಇಲ್ಲದಿದ್ರೇ ಒಳ್ಳೇದು."
ಬಾಗಿಲ ಬಳಿ ನಿಂತು, ಬೇರೆಯೇ ಮಾತು:
"ನಮ್ಮ ಹಾಜರಿ ಬುಕ್ಕೆಲ್ಲ ಗುಜರಿ ಲಾರಿಗೆ ಹಾಕಿದ್ರು.
ಕೆ.ಜಿ. ಲೆಕ್ಕ."

ಎರಡು ಪುಟ ಬರೆದೆ. ಅಂಕದ ಪಕ್ಕ, ಕೆಂಪಿನಲ್ಲಿ, ಮೇಡಂ:
ಕಾಗದದ ವಿಷಯ ಎಲ್ಲಿಂದ ಸಿಕ್ಕಿತು? ಆಕರ ಬರೆ.

ಬರೆದೆ:
ದುಗ್ಗಪ್ಪ, ಮೂರನೇ ಮೆಷಿನ್, ಸೆಕೆಂಡ್ ಶಿಫ್ಟ್.
ಟೋಕನ್ ನಂಬರು ಅಪ್ಪನಿಗೆ ನೆನಪಿತ್ತು.